ಆಯಾ ಪಿಳ್ಳಮ್ಮ ರೇಡಿಯೊ ಭಾಷೆ ಕಲಿತದ್ದು

ಪಿಳ್ಳಮ್ಮನವರನ್ನು ನಾನು ಮೊದಲ ಸಲ ನೋಡಿದಾಗ ಅವರು ಒಂದು ಮಗುವಿನ ಮೂಗು ಒರೆಸುತ್ತ, ಇನ್ನೊಂದನ್ನು ಗದರುತ್ತ, ಮೂರನೆಯದನ್ನು ಸೊಂಟದ ಮೇಲಿಟ್ಟುಕೊಂಡು ಯಾವುದಕ್ಕೋ ಗಟ್ಟಿಯಾಗಿ ನಗುತ್ತಿದ್ದರು. ಬಾಯಿ ತುಂಬ ಎಲೆಯಡಿಕೆ. ಹಣೆಯಲ್ಲಿ ಕಾಸಿನಗಲ ಕುಂಕುಮ. ನನ್ನನ್ನು ಕಂಡು, "ಬನ್ನಿ ಟೀಚರಮ್ಮ, ಒಸಬ್ರು ಬರ್ತಾರೆ ಅಂತ ಏಳಿದ್ರು. ಆ ಬೆಂಚಿನ ಮ್ಯಾಲೆ ಮಾತ್ರ ಕೂರಬ್ಯಾಡಿ, ಈಗ್ ತಾನೆ ಒಬ್ಬ ಒದ್ದೆ ಮಾಡವ್ನೆ" ಎಂದರು. ನನ್ನ ಉದ್ಯೋಗದಲ್ಲಿ ನನಗೆ ಸಿಕ್ಕಿದ ಮೊದಲ ಉಪದೇಶ ಅದು.

ಅದು 1976ರ ಜೂನ್ ತಿಂಗಳು. ನನಗೆ ಇಪ್ಪತ್ತನಾಲ್ಕು ವರ್ಷ. ಮದುವೆಯಾಗಿ ಮೈಸೂರಿನಿಂದ ಪೀಣ್ಯದ ಪಕ್ಕದ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಿದ್ದೆ. ನಮ್ಮ ಮನೆಗಳ ಸಾಲು ಮುಗಿದ ಕೂಡಲೇ ತಂತಿ ಬೇಲಿ, ಬೇಲಿಯ ಆಚೆ ರಾಗಿ ಹೊಲ, ಹೊಲದ ಆಚೆ ತಗಡಿನ ಶೆಡ್ಡುಗಳು. ಕಾಲೋನಿಯ ಮಹಿಳಾ ಸಮಾಜದವರು ಒಂದು ಖಾಲಿ ಕ್ವಾರ್ಟರ್ಸಿನಲ್ಲಿ ಶಿಶುವಿಹಾರ ನಡೆಸುತ್ತಿದ್ದರು. ಮೂವತ್ತು ಮಕ್ಕಳು, ಟೀಚರ್ ಆಗಿ ನಾನೊಬ್ಬಳು, ಆಯಾ ಆಗಿ ಪಿಳ್ಳಮ್ಮ. ಟೀಚರ್ ಟ್ರೈನಿಂಗ್ ಮುಗಿಸಿದ್ದ ನನಗೆ ಎಲ್ಲ ಗೊತ್ತು ಎಂಬ ಧೈರ್ಯವಿತ್ತು. ನಲವತ್ತೈದು ದಾಟಿದ ಅವರನ್ನು ನಾನು "ನೀನು" ಎಂದೇ ಮಾತನಾಡಿಸುತ್ತಿದ್ದೆ. ಆಯಾಗಳನ್ನು ಹಾಗೆ ಕರೆಯುವುದು ಅಂದಿನ ವಾಡಿಕೆಯಾಗಿತ್ತು, ಅದರಲ್ಲಿ ತಪ್ಪೇನಿದೆ ಎಂದು ನನಗೆ ಅನ್ನಿಸಿರಲಿಲ್ಲ.

ಪಿಳ್ಳಮ್ಮನವರ ಊರು ಅಲ್ಲೇ ಒಂದು ಮೈಲಿ ದೂರ. ಅವರ ಹೊಲದ ಮುಕ್ಕಾಲು ಪಾಲು ಕೈಗಾರಿಕಾ ಪ್ರದೇಶಕ್ಕೆ ಸೇರಿಹೋಗಿತ್ತು. ಗಂಡ ಲಕ್ಷ್ಮಯ್ಯನವರಿಗೆ ನಮ್ಮ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತ್ತು. ಉಳಿದ ಕಾಲು ಪಾಲು ಹೊಲವನ್ನು ಪಿಳ್ಳಮ್ಮ ಬೆಳಗಿನ ಹೊತ್ತು ನೋಡಿಕೊಂಡು, ಒಂಬತ್ತು ಗಂಟೆಗೆ ಕಾಲಿನ ಮಣ್ಣು ತೊಳೆದು ಶಿಶುವಿಹಾರಕ್ಕೆ ಬರುತ್ತಿದ್ದರು. ಓದು ಬರಹ ಬಾರದು. ಆದರೆ ಮೂವತ್ತು ಮಕ್ಕಳ ಪೈಕಿ ಯಾರ ಹೊಟ್ಟೆ ಯಾವ ದಿನ ಕೆಟ್ಟಿದೆ ಎಂದು ಮುಖ ನೋಡಿಯೇ ಹೇಳುತ್ತಿದ್ದರು.

ಜುಲೈ ಮೊದಲ ವಾರ ವೆಂಕಟಲಕ್ಷ್ಮಿ ಎನ್ನುವವರು ತಮ್ಮ ಮಗಳನ್ನು ಕರೆತಂದರು. ಅವರ ಗಂಡ ಶ್ಯಾಮಸುಂದರ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಮಗುವನ್ನು ಮನೆಯಲ್ಲಿ ಅಮ್ಮಣ್ಣಿ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ನಾಲ್ಕೂವರೆ ವರ್ಷ. ಎರಡು ಜಡೆ, ದುಂಡು ಮುಖ, ದೊಡ್ಡ ಕಣ್ಣು. ಆದರೆ ಆ ಕಣ್ಣು ನಮ್ಮ ಕಡೆ ತಿರುಗುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಕೇಳಿಸದವಳಂತೆ ಇರುವಳು. ಗೋಡೆಯ ಕಡೆ ಮುಖ ಮಾಡಿ ನಿಂತು ತಿಂಡಿ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುವಳು. ಮಾತೇನೋ ಬರುತ್ತಿತ್ತು, ಆದರೆ ಅದು ನಮ್ಮೊಡನೆ ಆಡುವ ಮಾತಾಗಿರಲಿಲ್ಲ. ಮನೆಯಲ್ಲಿ ಅಪ್ಪ ಬೆಳಗ್ಗೆ ಸಂಜೆ ಹಾಕುತ್ತಿದ್ದ ರೇಡಿಯೊದಲ್ಲಿ ಕೇಳಿದ್ದನ್ನು ಅದೇ ದನಿಯಲ್ಲಿ, ಅದೇ ಗತ್ತಿನಲ್ಲಿ ಒಪ್ಪಿಸುವಳು. "ರಾಜ್ಯದ ಒಳನಾಡಿನಲ್ಲಿ ಮಳೆ ಬರುವ ಸಂಭವವಿದೆ." "ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು."

ಮಕ್ಕಳು ಮೊದಲ ದಿನವೇ ಅವಳಿಗೆ "ರೇಡಿಯೊ" ಎಂದು ಹೆಸರಿಟ್ಟರು.

ಅದೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದಿದ್ದದ್ದು ಸೈರನ್. ಬೆಳಗಿನ ಪಾಳಿಯವರ ಊಟಕ್ಕೆಂದು ಹನ್ನೊಂದೂವರೆಗೆ ಕಾರ್ಖಾನೆ ಕೂಗುತ್ತಿತ್ತು. ನಾವೆಲ್ಲ ಆ ಕೂಗಿಗೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದೆವು. ಅಮ್ಮಣ್ಣಿಗೆ ಮಾತ್ರ ಅದು ಮೈಮೇಲೆ ಬಿಸಿನೀರು ಸುರಿದಂತೆ. ಕಿರುಚಿ, ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡು, ಅಡ್ಡ ಬಂದ ಮಕ್ಕಳನ್ನು ತಳ್ಳಿ ಓಡುವಳು. ನಾನು ಅದನ್ನು ಹಠ ಎಂದುಕೊಂಡೆ. ಮೂರನೆಯ ದಿನ ಒಬ್ಬ ಹುಡುಗಿ ಬಿದ್ದು ತುಟಿ ಒಡೆದುಕೊಂಡಾಗ ನನಗೆ ರೇಗಿಹೋಯಿತು. ಅಮ್ಮಣ್ಣಿಯ ಅಂಗೈ ಹಿಡಿದು ರೂಲುದೊಣ್ಣೆಯಿಂದ ಒಂದು ಕೊಟ್ಟೆ.

ಅವಳು ಅಳಲಿಲ್ಲ. ಗೋಡೆ ನೋಡುತ್ತ, "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದಳು.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನ್ನನ್ನು ಅಣಕಿಸುತ್ತಿದ್ದಾಳೆ ಎನ್ನಿಸಿ ಇನ್ನೊಂದು ಕೊಟ್ಟೆ.

ಬಾಗಿಲಲ್ಲಿ ನಿಂತಿದ್ದ ಪಿಳ್ಳಮ್ಮ ಹೊರಗೆ ಹೋಗಿ ಎಲೆಯಡಿಕೆ ಉಗಿದು, ಬಾಯಿ ತೊಳೆದುಕೊಂಡು ಬಂದರು. ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಟೀಚರಮ್ಮ, ನಾನು ಓದ್ದೋಳಲ್ಲ. ಇಸಾದ ಅಂದ್ರೆ ಏನು?"

"ಬೇಜಾರು. ತಪ್ಪಾಯ್ತು ಅಂತ ಹೇಳೋ ಮಾತು."

"ಅಂಗಾರೆ ಆ ಮಗ ತಪ್ಪಾಯ್ತು ಅಂತಲ್ವಾ ಏಳಿದ್ದು?"

"ಅವಳಿಗೆಲ್ಲಿ ಅರ್ಥ ಗೊತ್ತು, ಸುಮ್ನೆ ಗಿಳಿಪಾಠ" ಎಂದೆ. ಪಿಳ್ಳಮ್ಮ "ಇರ್ಬೋದು" ಎಂದರು. ಆದರೆ ಅಂದಿನಿಂದ ಅವರ ಕಿವಿ ಅಮ್ಮಣ್ಣಿಯ ಕಡೆಗೇ ಇರುತ್ತಿತ್ತು.

ಎರಡು ದಿನ ಕಳೆದ ಮೇಲೆ ಹಿತ್ತಿಲಿನಿಂದ ಮಾತು ಕೇಳಿಸಿತು. ಇಣುಕಿ ನೋಡಿದೆ. ಅಮ್ಮಣ್ಣಿ ನೀರಿನ ತೊಟ್ಟಿಯ ಪಕ್ಕ ಕೂತು ಮುಚ್ಚಳ ತಿರುಗಿಸುತ್ತಿದ್ದಳು. ಪಿಳ್ಳಮ್ಮ ಎರಡು ಮಾರು ಆಚೆ, ಅವಳಿಗೆ ಎದುರಾಗಿ ಅಲ್ಲ, ಪಕ್ಕಕ್ಕೆ ಕೂತು ಪಾತ್ರೆ ಉಜ್ಜುತ್ತಿದ್ದರು.

ಅಮ್ಮಣ್ಣಿ ಗಂಭೀರವಾಗಿ ಹೇಳಿದಳು: "ರಾಗಿ ಬಿತ್ತನೆಗೆ ಮೊದಲು ಎಕರೆಗೆ ಹತ್ತು ಗಾಡಿ ಕೊಟ್ಟಿಗೆ ಗೊಬ್ಬರ ಹಾಕಬೇಕು."

"ಅತ್ತು ಗಾಡಿ ಎಲ್ಲಿಗ್ ಸಾಲ್ತದೆ ಕಣವ್ವ?" ಎಂದರು ಪಿಳ್ಳಮ್ಮ, ತಲೆ ಎತ್ತದೆ. "ನಮ್ದು ಕೆಂಪು ಮಣ್ಣು. ಇಪ್ಪತ್ತಾದ್ರೂ ಬೇಕು."

ಮುಚ್ಚಳ ನಿಂತಿತು. ಅಮ್ಮಣ್ಣಿ ನೆಲ ನೋಡುತ್ತ ಮತ್ತೆ ಹೇಳಿದಳು: "ಹತ್ತು ಗಾಡಿ."

"ಇಪ್ಪತ್ತು."

"ಹತ್ತು ಗಾಡಿ."

"ಆಯ್ತು ಬುಡವ್ವ, ನಿನ್ ಅಸು ನಿನ್ ಗೊಬ್ಬರ. ಅದಿನೈದಕ್ಕೆ ಒಪ್ಕೋ."

ಅಮ್ಮಣ್ಣಿ ನಕ್ಕಳು. ಅದುವರೆಗೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಪಿಳ್ಳಮ್ಮನವರ ಕಡೆ ಒಂದು ಸಲ ನೋಡಿದಳು, ನೋಡಿದ್ದು ಕಣ್ಣ ರೆಪ್ಪೆ ಬಡಿಯುವಷ್ಟು ಹೊತ್ತು. ಮತ್ತೆ ಮುಚ್ಚಳ ತಿರುಗಿಸತೊಡಗಿದಳು.

ಅಲ್ಲಿಂದ ಪಿಳ್ಳಮ್ಮ ಆ ಮಗುವಿನ ಭಾಷೆ ಕಲಿಯಲು ಕೂತರು. ಅವಳು ಯಾವ ಮಾತನ್ನು ಯಾವಾಗ ಆಡುತ್ತಾಳೆ, ಆಡಿದ ಮೇಲೆ ಏನಾಗುತ್ತದೆ ಎಂದು ನೋಡುವುದು, ನೆನಪಿಟ್ಟುಕೊಳ್ಳುವುದು. ಒಂದು ವಾರದೊಳಗೆ ಮೊದಲ ಪದ ಗೊತ್ತಾಯಿತು. ನಾನು "ಅ ಆ ಇ ಈ" ಹೇಳಿಸುತ್ತಿದ್ದಾಗ ಅಮ್ಮಣ್ಣಿ "ಮಳೆ ಬರುವ ಸಂಭವವಿದೆ" ಎಂದಳು. ಕೂಡಲೇ ಪಿಳ್ಳಮ್ಮ ಓಡಿ ಬಂದು ಅವಳನ್ನು ಬಚ್ಚಲ ಕಡೆ ಕರೆದುಕೊಂಡು ಹೋದರು.

"ಏನಾಯ್ತು?" ಎಂದೆ.

"ಒಂದಕ್ಕೆ, ಟೀಚರಮ್ಮ. ಮಳೆ ಬತ್ತದೆ ಅಂದ್ರೆ ಒಂದಕ್ಕೆ. ನಿನ್ನೆ ಮೊನ್ನೆ ಎಲ್ಡು ದಿನಾನೂ ಅಂಗೇ ಅಂದ್ಳು, ಆಮ್ಯಾಕೆ ಒದ್ದೆ ಮಾಡ್ಕಂಡ್ಳು. ಆ ಮಗ ಮುಂಚಿತ್ವಾಗೇ ಏಳ್ತಾ ಐತೆ, ನಮ್ಗೇ ಕಿವಿ ಇಲ್ಲ."

ಆ ದಿನದಿಂದ ಅಮ್ಮಣ್ಣಿಯ ಬಟ್ಟೆ ಒದ್ದೆಯಾಗಲಿಲ್ಲ. "ವಾರ್ತೆಗಳು ಮುಕ್ತಾಯವಾದವು" ಎಂದರೆ ಸಾಕು, ಇನ್ನು ಬೇಡ. "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದರೆ ಏನೋ ಹಿಂಸೆಯಾಗುತ್ತಿದೆ ಎಂದೂ ಆಗಬಹುದು, ತಪ್ಪಾಯಿತು ಎಂದೂ ಆಗಬಹುದು. ಆ ಸಾಲು ಬಂದಾಗ ಪಿಳ್ಳಮ್ಮ ಮೊದಲು ಸುತ್ತಲೂ ನೋಡುತ್ತಿದ್ದರು. ಒಮ್ಮೆ ಲಂಗದ ದಾರ ಬಿಗಿಯಾಗಿತ್ತು, ಒಮ್ಮೆ ಕಾಲಿಗೆ ಇರುವೆ ಕಚ್ಚಿತ್ತು.

ಇಷ್ಟರಲ್ಲಿ ತುಟಿ ಒಡೆದುಕೊಂಡ ಹುಡುಗಿಯ ತಾಯಿ ಮಹಿಳಾ ಸಮಾಜಕ್ಕೆ ದೂರು ಕೊಟ್ಟರು. ಅಧ್ಯಕ್ಷೆ ನಾಗಲಕ್ಷ್ಮಮ್ಮ ಕಟ್ಟುನಿಟ್ಟಿನವರು, ಆದರೆ ಕೆಟ್ಟವರಲ್ಲ. ಶಿಶುವಿಹಾರಕ್ಕೆ ಬಂದು, "ಆ ಮಗುವಿಗೆ ಬುದ್ಧಿ ಸ್ವಲ್ಪ ಕಮ್ಮಿ ಅಂತ ಎಲ್ರೂ ಹೇಳ್ತಿದ್ದಾರೆ. ಬೇರೆ ಮಕ್ಕಳಿಗೆ ಏಟಾಗ್ತಿದೆ. ಮನೇಲೇ ಇರಲಿ ಅಂತ ಅವರ ತಾಯಿಗೆ ಹೇಳಿಬಿಡೋಣ" ಎಂದರು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೆ ನೆಮ್ಮದಿಯೇ ಆಗಿತ್ತು. ಪಿಳ್ಳಮ್ಮ ಮುಂದೆ ಬಂದರು.

"ಅಮ್ಮಾರೆ, ಒಂದ್ ತಿಂಗ್ಳು ಬುಡಿ. ಆ ಮಗ ಯಾರ್ನೂ ಬೇಕಂತ ತಳ್ಳಲ್ಲ. ಸೈರನ್‌ಗೆ ಎದರ್ಕಂಡು ಓಡ್ತದೆ, ದಾರೀಲಿ ಯಾರಿದ್ರೆ ಅವ್ರು ಬೀಳ್ತಾರೆ. ಎದರಿಕೆ ಓದ್ರೆ ತಳ್ಳೋದೂ ಓಗ್ತದೆ. ಒಂದ್ ತಿಂಗ್ಳಲ್ಲಿ ಸರಿ ಓಗ್ನಿಲ್ಲ ಅಂದ್ರೆ ನಾನೇ ಅವ್ರಮ್ಮನ್ ತಾವ ಓಗಿ ಏಳ್ತೀನಿ."

ನಾಗಲಕ್ಷ್ಮಮ್ಮ ನನ್ನ ಕಡೆ ನೋಡಿದರು. "ನೀವೇನಂತೀರಿ ಟೀಚರ್?"

ಪಿಳ್ಳಮ್ಮನವರ ಮುಖ ನೋಡಿಕೊಂಡು 'ಬೇಡ' ಎನ್ನುವುದು ನನ್ನಿಂದ ಆಗಲಿಲ್ಲ. "ಒಂದು ತಿಂಗಳು ನೋಡೋಣ ಮೇಡಂ" ಎಂದೆ.

ಮಾರನೆಯ ದಿನದಿಂದಲೇ ಪಿಳ್ಳಮ್ಮ ಕೆಲಸ ಶುರು ಮಾಡಿದರು. ಹನ್ನೊಂದೂಕಾಲಿಗೆ ಅಮ್ಮಣ್ಣಿಯ ಹತ್ತಿರ ಹೋಗಿ ರೇಡಿಯೊದವರಂತೆಯೇ ಹೇಳುವರು: "ಮುಂದಿನ ಕಾರ್ಯಕ್ರಮ, ಸೈರನ್." ಆಮೇಲೆ ಅವಳನ್ನು ಸಾಮಾನಿನ ಕೋಣೆಗೆ ಕರೆದೊಯ್ಯುವರು. ಅದಕ್ಕೆ ಕಿಟಕಿಯಿಲ್ಲ, ಗೋಣಿಚೀಲಗಳು ತುಂಬಿದ್ದರಿಂದ ಸದ್ದು ಕಡಿಮೆ. ಅಲ್ಲಿ ತಮ್ಮ ಟವಲನ್ನು ನಾಲ್ಕು ಮಡಿಕೆ ಮಾಡಿ ಅವಳ ಕಿವಿಗೆ ಸುತ್ತುವರು. ಮೊದಮೊದಲು ಆಗಲೂ ಕಿರುಚಿದಳು. ಐದಾರು ದಿನಗಳಲ್ಲಿ ಕಚ್ಚಿಕೊಳ್ಳುವುದು ನಿಂತಿತು. ಹತ್ತನೆಯ ದಿನ ಪಿಳ್ಳಮ್ಮ "ಮುಂದಿನ ಕಾರ್ಯಕ್ರಮ" ಎನ್ನುವ ಮುಂಚೆಯೇ ಅವಳೇ ಟವಲು ಹಿಡಿದುಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

ಆ ಕೋಣೆಯಲ್ಲಿ ಒಂದು ಬೀಸುವ ಕಲ್ಲಿತ್ತು. ಮಕ್ಕಳ ಗಂಜಿಗೆ ರಾಗಿ ಬೀಸಲು ಪಿಳ್ಳಮ್ಮನೇ ಊರಿನಿಂದ ತಂದಿಟ್ಟದ್ದು. ಸೈರನ್ ಮುಗಿದ ಮೇಲೆ ಅಮ್ಮಣ್ಣಿ ಅದರ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದಳು. ತಿರುಗುವುದೆಂದರೆ ಅವಳಿಗೆ ಪ್ರಾಣ, ಇಲ್ಲಿ ಮುಚ್ಚಳಕ್ಕಿಂತ ನೂರು ಪಾಲು ದೊಡ್ಡ ತಿರುಗಣಿ ಸಿಕ್ಕಿಬಿಟ್ಟಿತು. ಕಲ್ಲಿನ ಅಂಚಿನಿಂದ ಹಿಟ್ಟು ಉದುರುವುದನ್ನು ಉಸಿರು ಬಿಗಿಹಿಡಿದು ನೋಡಿದಳು.

ಪಿಳ್ಳಮ್ಮ ನನ್ನ ಹತ್ತಿರ ಬಂದು, "ಟೀಚರಮ್ಮ, ಒಂದು ಯೋಚ್ನೆ" ಎಂದರು. "ನೀವು ಏಳ್ಕೊಡೋ ಒಂದ್ ಪದ್ಯ ಮುಗಿಯೋಗಂಟ ಅವ್ಳು ಚಾಪೆ ಮ್ಯಾಲೆ ಕೂತ್ರೆ, ಆಮ್ಯಾಕೆ ಅತ್ತು ಸುತ್ತು ಕಲ್ಲು ತಿರುಗಿಸ್ಬೋದು. ಒಂದೇ ಪದ್ಯ, ಜಾಸ್ತಿ ಕೇಳ್ಬ್ಯಾಡಿ."

"ಲಂಚ ಕೊಟ್ಟ ಹಾಗಾಗಲ್ವಾ?"

"ನಿಮ್ಮೆಜಮಾನ್ರು ತಿಂಗ್ಳೆಲ್ಲ ಕಾರ್ಖಾನೇಲಿ ಕೂತ್ರೆ ಏನೂ ಕೊಡಲ್ವಾ ಟೀಚರಮ್ಮ?" ಎಂದು ಪಿಳ್ಳಮ್ಮ ನಕ್ಕರು.

ನನಗೂ ನಗು ತಡೆಯಲಾಗಲಿಲ್ಲ. ಒಂದು ಪದ್ಯದಿಂದ ಶುರುವಾಯಿತು. ಅಮ್ಮಣ್ಣಿ ಕೂತದ್ದಕ್ಕೆ ಪಿಳ್ಳಮ್ಮ "ಭೇಷ್! ಚಾಪೆ ಮ್ಯಾಲೆ ಕೂತಿದ್ದೀಯ" ಎನ್ನುವರು. ಬರೀ "ಜಾಣೆ" ಎನ್ನುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಏನ್ ಮಾಡಿದ್ದು ಸರಿ ಓಯ್ತು ಅಂತ ಏಳ್ದಿದ್ರೆ ನಾಳೆ ಯಾವುದ್ನ ಮಾಡ್ಬೇಕು ಅಂತ ಎಂಗ್ ಗೊತ್ತಾಯ್ತದೆ?" ಎಂದರು. ನಾನು ಟ್ರೈನಿಂಗಿನಲ್ಲಿ ಕಲಿತ ಯಾವ ಪಾಠವೂ ಇಷ್ಟು ಚೆನ್ನಾಗಿ ನನ್ನ ತಲೆಯಲ್ಲಿ ಕೂತಿಲ್ಲ. ಎರಡು ವಾರದಲ್ಲಿ ಒಂದು ಪದ್ಯ ಎರಡಾಯಿತು, ಎರಡು ಮೂರಾಯಿತು. ಕಲ್ಲು ತಿರುಗಿಸಲು ಉಳಿದ ಮಕ್ಕಳೂ ಸಾಲು ನಿಂತರು. ಗೂಟ ಇಬ್ಬರು ಹಿಡಿಯುವಂಥದ್ದು, ಆದ್ದರಿಂದ ಅಮ್ಮಣ್ಣಿಯ ಎದುರು ದಿನಕ್ಕೊಂದು ಮಗು ಕೂರುತ್ತಿತ್ತು. ಆ ವರ್ಷ ನಮ್ಮ ಶಿಶುವಿಹಾರದಲ್ಲಿ ರಾಗಿ ಹಿಟ್ಟಿಗೆ ಬರವೇ ಇರಲಿಲ್ಲ.

ಸೈರನ್ನಿನ ವಿಷಯ ಮಾತ್ರ ಪಿಳ್ಳಮ್ಮನವರಿಗೆ ಸಮಾಧಾನವಾಗಿರಲಿಲ್ಲ. "ದಿನಾ ಕೋಣೇಲಿ ಬಚ್ಚಿಟ್ರೆ ದೊಡ್ಡೋಳಾದ್ ಮ್ಯಾಲೆ ಯಾವ್ ಕೋಣೆ ಉಡುಕ್ತಾಳೆ?" ಎಂದು ಒಂದು ದಿನ ವೆಂಕಟಲಕ್ಷ್ಮಿಯವರನ್ನೂ ನನ್ನನ್ನೂ ಜೊತೆ ಮಾಡಿಕೊಂಡು ಅಮ್ಮಣ್ಣಿಯನ್ನು ಕಾರ್ಖಾನೆಯ ಗೇಟಿಗೆ ಕರೆದುಕೊಂಡು ಹೋದರು. ಲಕ್ಷ್ಮಯ್ಯ ಮೊದಲೇ ತಮ್ಮ ಮೇಲಿನವರ ಅನುಮತಿ ಕೇಳಿಟ್ಟಿದ್ದರು. ಗೇಟಿನ ಪಕ್ಕದ ಕೋಣೆಯ ಗೋಡೆಯ ಮೇಲೆ ಕೆಂಪು ಗುಂಡಿ, ಅದರ ಮೇಲೆ ಗಡಿಯಾರ.

"ನೋಡು ಮಗ, ಇದ ಒತ್ತಿದ್ರೆ ಅದು ಕೂಗ್ತದೆ. ಬುಟ್ರೆ ಬಾಯ್ ಮುಚ್ಕತದೆ" ಎಂದರು ಲಕ್ಷ್ಮಯ್ಯ.

ಹನ್ನೊಂದೂವರೆಗೆ ಒಂದು ನಿಮಿಷವಿತ್ತು. ಅಮ್ಮಣ್ಣಿ ಟವಲನ್ನು ತಾನೇ ತಲೆಗೆ ಸುತ್ತಿಕೊಂಡಳು. ಪಿಳ್ಳಮ್ಮ ಹಿಂದಿನಿಂದ ಅವಳ ಕಿವಿಗಳ ಮೇಲೆ ಕೈ ಇಟ್ಟರು. ದೊಡ್ಡ ಮುಳ್ಳು ಆರಕ್ಕೆ ಬಂತು. ಲಕ್ಷ್ಮಯ್ಯನವರ ದಪ್ಪ ಬೆರಳಿನ ಪಕ್ಕ ಒಂದು ಪುಟ್ಟ ಬೆರಳು ಗುಂಡಿಯ ಮೇಲೆ ಕೂತಿತು.

ಸೈರನ್ ಕೂಗಿತು. ಅಮ್ಮಣ್ಣಿಯ ಮೈ ಒಂದು ಸಲ ಜುಮ್ಮೆಂದು ನಡುಗಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಆದರೆ ಬೆರಳು ತೆಗೆಯಲಿಲ್ಲ. ಲಕ್ಷ್ಮಯ್ಯ "ಬುಡು" ಎಂದಾಗ ಬಿಟ್ಟಳು, ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಕಣ್ಣು ಬಿಟ್ಟು ತನ್ನ ಬೆರಳನ್ನೂ ಗುಂಡಿಯನ್ನೂ ಎರಡು ಮೂರು ಸಲ ನೋಡಿದಳು. ಆಮೇಲೆ ಘನತೆಯಿಂದ ಹೇಳಿದಳು: "ಈಗ ಸಮಯ ಹನ್ನೊಂದು ಗಂಟೆ ಮೂವತ್ತು ನಿಮಿಷ."

ವೆಂಕಟಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಅತ್ತರು, ಎರಡೂ ಒಟ್ಟಿಗೆ. ದಾರಿಯಲ್ಲಿ ನನ್ನೊಡನೆ, "ನನ್ನ ಮಗಳು ಮಾತಾಡೋದೇ ಇಲ್ಲ ಅಂತ ಎಲ್ಲಾ ದೇವ್ರಿಗೂ ಹರಕೆ ಹೊತ್ತಿದ್ದೀನಿ ಕಣ್ರೀ. ಅವಳು ದಿನಾ ಮಾತಾಡ್ತಾನೇ ಇದ್ಳು. ನಾನೇ ರೇಡಿಯೊ ಗಲಾಟೆ ಅಂತ ಬಾಯಿ ಮುಚ್ಚಿಸ್ತಿದ್ದೆ" ಎಂದರು.

ಪಿಳ್ಳಮ್ಮನವರು ಹಿಂದಿನಿಂದ, "ಈಗ್ಲಾದ್ರೂ ಗೊತ್ತಾಯ್ತಲ್ಲ ಬುಡಿ. ಮನೇಲಿ ಯಾವುದಕ್ಕೆ ಜಗಳ ಆಡ್ತಾಳೆ?" ಎಂದರು.

"ಸ್ನಾನ. ಬಚ್ಚಲು ಅಂದ್ರೆ ರಣರಂಗ."

"ದಿಡೀರಂತ ಎತ್ಕಂಡು ಓದ್ರೆ ಯಾರಾದ್ರೂ ಒದೀತಾರೆ. ರೇಡಿಯೋದಲ್ಲಿ ಮುಂದೇನು ಅಂತ ಮೊದ್ಲೇ ಏಳ್ತಾರಲ್ಲ, ಅಂಗೆ ಏಳಿ."

ಮರುದಿನ ಬೆಳಗ್ಗೆ ವೆಂಕಟಲಕ್ಷ್ಮಿ ಓಡಿ ಬಂದರು. ಹಿಂದಿನ ಸಂಜೆ ಅಡುಗೆಮನೆಯಲ್ಲಿ ನಿಂತು, ನಾಚಿಕೆಯಿಂದ ಸಣ್ಣ ದನಿಯಲ್ಲಿ, "ಇನ್ನು ಹತ್ತು ನಿಮಿಷಗಳಲ್ಲಿ ಸ್ನಾನ ಪ್ರಸಾರವಾಗಲಿದೆ" ಎಂದರಂತೆ. ಮಗಳು ಆಡುತ್ತಿದ್ದದ್ದನ್ನು ಬಿಟ್ಟು ಅವರ ಮುಖವನ್ನೇ ನೋಡಿದಳಂತೆ. ಹತ್ತು ನಿಮಿಷಕ್ಕೆ ಸರಿಯಾಗಿ ತಾನೇ ಬಚ್ಚಲಿಗೆ ನಡೆದಳಂತೆ. "ನಮ್ಮೆಜಮಾನ್ರು ಈಗ ಊಟಕ್ಕೆ ಕರೆಯೋದೂ ಹಾಗೇ. 'ಕೇಳುಗರಿಗೆ ನಮಸ್ಕಾರ, ತಟ್ಟೆ ಹಾಕಿದೆ' ಅಂತಾರೆ. ಪಕ್ಕದ ಮನೆಯವರು ನಮಗೆಲ್ಲ ಹುಚ್ಚು ಹಿಡಿದಿದೆ ಅಂದ್ಕೊಂಡಿದ್ದಾರೆ!"

ತಿಂಗಳು ಮುಗಿಯಿತು. ನಾಗಲಕ್ಷ್ಮಮ್ಮ ಬಂದು ಅರ್ಧ ದಿನ ಕೂತು ನೋಡಿದರು. ಸೈರನ್ ಕೂಗಿದಾಗ ಅಮ್ಮಣ್ಣಿ ಕಿವಿಗೆ ಟವಲು ಒತ್ತಿಕೊಂಡು, ಚಾಪೆಯ ಮೇಲೆ ಕೂತಲ್ಲೇ ಕೂತಿದ್ದಳು. "ಇರಲಿ ಬಿಡಿ" ಎಂದು ಎದ್ದು ಹೋದರು. ಅವರು ಹೊಗಳುವುದು ಅಷ್ಟರಲ್ಲೇ.

ನವೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಪಿಳ್ಳಮ್ಮ ಹದಿನೈದು ದಿನ ರಜೆ ಹೋದರು. ಹೋಗುವ ಮುನ್ನ ನನಗೆ ಎಲ್ಲವನ್ನೂ ಹೇಳಿದ್ದರು. ನಾನು ಹೂಂಗುಟ್ಟಿದ್ದೆ. ಮೊದಲ ಮೂರು ದಿನ ಸರಿಯಾಗಿ ನಡೆಯಿತು. ನಾಲ್ಕನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ, ಬೆಂಕಿ ಆರಿಸುವ ಅಭ್ಯಾಸಕ್ಕೆಂದು ಕಾರ್ಖಾನೆಯ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟು ಬಿಟ್ಟು ಮೂರು ಸಲ ಕೂಗಿತು. ಮುಂಚಿತವಾಗಿ ಹೇಳಿದವರಿಲ್ಲ, ಟವಲು ಕೈಯಲ್ಲಿಲ್ಲ. ಅಮ್ಮಣ್ಣಿ ಕಿರುಚಿಕೊಂಡು ಬಾಗಿಲು ದಾಟಿ ಹೋದಳು.

ಪಕ್ಕದ ಮನೆಯ ಅಮ್ಮನನ್ನು ಮಕ್ಕಳ ಹತ್ತಿರ ಕೂರಿಸಿ ನಾನು ಅವಳ ಹಿಂದೆ ಓಡಿದೆ. ಬೇಲಿ ಹರಿದಿದ್ದ ಕಡೆ ನುಸುಳಿ ಅವಳು ರಾಗಿ ಹೊಲಕ್ಕೆ ಇಳಿದಿದ್ದಳು. ತೆನೆ ಬಲಿತು ಅವಳಿಗಿಂತ ಎತ್ತರವಾಗಿತ್ತು. ಕರೆದೆ, ಉತ್ತರವಿಲ್ಲ. ಹೊಲದ ಆಚೆಗೆ ಲಾರಿಗಳು ಓಡುವ ರಸ್ತೆ. ಪೈರು ಅಲ್ಲಾಡಿದ ಗುರುತು ಹಿಡಿದು ಹೋದಾಗ ಹೊಲದ ನಡುವೆ ಬದುವಿನ ಮೇಲೆ ಅವಳು ಕೂತಿದ್ದಳು. ಮೊಣಕಾಲಿನಲ್ಲಿ ಮುಖ, ಮುಂಗೈ ಬಾಯಲ್ಲಿ.

ಓಡಿ ಹೋಗಿ ಎಳೆದು ಎತ್ತಿಕೊಳ್ಳಬೇಕು ಎನ್ನಿಸಿತು. ಪಿಳ್ಳಮ್ಮ ಆಗಿದ್ದರೆ ಏನು ಮಾಡುತ್ತಿದ್ದರು? ಎರಡು ಮಾರು ದೂರದಲ್ಲಿ, ಪಕ್ಕಕ್ಕೆ, ನಾನೂ ಬದುವಿನ ಮೇಲೆ ಕೂತೆ. ಹೊಸ ಸೀರೆಗೆ ಕೆಸರು ಹತ್ತಿತು. ಸುಮಾರು ಹೊತ್ತಿನ ಮೇಲೆ ಅವಳ ಉಸಿರು ನಿಧಾನವಾಯಿತು. ಆಗ ನನ್ನ ಬಾಯಿಂದ ಮಾತು ಹೊರಟಿತು:

"ಅಡಚಣೆಗಾಗಿ ವಿಷಾದಿಸುತ್ತೇವೆ."

ಅವಳು ಮುಂಗೈಯನ್ನು ಬಾಯಿಂದ ತೆಗೆದಳು.

ನಾನು ಹೇಳುತ್ತ ಹೋದೆ. ಸೈರನ್ನಿಗಾಗಿ ವಿಷಾದಿಸುತ್ತೇವೆ. ಮೊದಲೇ ಹೇಳದಿದ್ದದ್ದಕ್ಕೆ ವಿಷಾದಿಸುತ್ತೇವೆ. ಜುಲೈ ತಿಂಗಳಲ್ಲಿ ರೂಲುದೊಣ್ಣೆಯಿಂದ ಹೊಡೆದದ್ದಕ್ಕೆ ವಿಷಾದಿಸುತ್ತೇವೆ. ಕೊನೆಯದನ್ನು ಹೇಳುವಾಗ ನನ್ನ ದನಿ ರೇಡಿಯೊದವರ ದನಿಯಂತಿರಲಿಲ್ಲ.

ಅಮ್ಮಣ್ಣಿ ಸರಿದು ಸರಿದು ಹತ್ತಿರ ಬಂದಳು. ನನ್ನ ಸೆರಗಿನ ತುದಿಯನ್ನು ತನ್ನ ಕಿವಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಹಾಗೇ ಇದ್ದು, "ಪ್ರಸಾರ ಮುಂದುವರಿಯುತ್ತದೆ" ಎಂದು ಎದ್ದು ನಿಂತಳು. ಇಬ್ಬರೂ ಕೈ ಹಿಡಿದುಕೊಂಡು ತೆನೆಗಳ ನಡುವೆ ವಾಪಸು ನಡೆದೆವು.

ರಜೆ ಮುಗಿಸಿ ಬಂದ ಪಿಳ್ಳಮ್ಮನವರಿಗೆ ಇದನ್ನೆಲ್ಲ ಹೇಳಿದೆ. ರೂಲುದೊಣ್ಣೆಯನ್ನು ಒಲೆಗೆ ಹಾಕಿದ್ದನ್ನೂ ಹೇಳಿದೆ. ಅವರು ಪೂರ್ತಿ ಕೇಳಿ, "ಒಳ್ಳೇದಾಯ್ತು ಬುಡಿ. ನಾನೊಬ್ಳೇ ಕಲ್ತಿದ್ರೆ ಏನ್ ಬಂತು? ನಾನ್ ಸತ್ರೆ ಆ ಮಗ ಯಾರ್ ತಾವ ಮಾತಾಡ್ತದೆ?" ಎಂದರು. ಆಮೇಲೆ ನಾನು ಉಟ್ಟಿದ್ದ ಅದೇ ಸೀರೆ ನೋಡಿ, "ಕೆಸರಿನ ಕಲೆಗೆ ನಿಂಬೆಣ್ಣು ಉಜ್ಜಿ" ಎಂದರು.

"ಉಜ್ಜಿದೆ ಪಿಳ್ಳಮ್ಮ. ನೀವು ಮೊದಲು ಕೂತ್ಕೊಳ್ಳಿ, ಮೊಮ್ಮಗು ಹೇಗಿದೆ ಹೇಳಿ" ಎಂದೆ. "ನೀವು" ಎಂದದ್ದು ನನಗೇ ಆಮೇಲೆ ಗೊತ್ತಾಯಿತು. ಅವರಿಗೆ ಆಗಲೇ ಗೊತ್ತಾಯಿತು ಎಂದು ಕಾಣುತ್ತದೆ, ಒಂದು ಕ್ಷಣ ನನ್ನನ್ನೇ ನೋಡಿ, ಮೊಮ್ಮಗುವಿನ ಮೂಗು ಯಾರಂತಿದೆ ಎಂದು ಹೇಳತೊಡಗಿದರು.

ಮುಂದಿನ ವರ್ಷ ಯಾರೋ ಹೇಳಿದರೆಂದು ಅಮ್ಮಣ್ಣಿಯನ್ನು ನಗರದ ದೊಡ್ಡ ಆಸ್ಪತ್ರೆಗೆ ತೋರಿಸಿದರು. ವೆಂಕಟಲಕ್ಷ್ಮಿ ಬಲವಂತ ಮಾಡಿ ಪಿಳ್ಳಮ್ಮನವರನ್ನೂ ಕರೆದುಕೊಂಡು ಹೋಗಿದ್ದರು. ಡಾಕ್ಟರಮ್ಮ ಬಹಳ ಹೊತ್ತು ನೋಡಿ, ಕೇಳಿ, 'ಆಟಿಸಂ' ಎಂಬ ಹೆಸರು ಹೇಳಿದರಂತೆ. ಇದು ಯಾರ ತಪ್ಪಿನಿಂದಲೂ ಬಂದದ್ದಲ್ಲ, ಔಷಧಿಯಿಂದ ಹೋಗುವಂಥದ್ದೂ ಅಲ್ಲ, ಮಗುವಿನ ದಾರಿ ತಿಳಿದುಕೊಂಡು ಕಲಿಸುತ್ತ ಹೋಗಬೇಕು ಎಂದರಂತೆ. ಮನೆಯಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿದಾಗ ವೆಂಕಟಲಕ್ಷ್ಮಿ ಹೇಳುತ್ತ ಹೋದರು, ಡಾಕ್ಟರಮ್ಮ ಬರೆದುಕೊಳ್ಳುತ್ತ ಹೋದರು. ಕೊನೆಗೆ, "ಇದನ್ನೆಲ್ಲ ನಿಮಗೆ ಯಾವ ಡಾಕ್ಟ್ರು ಹೇಳಿಕೊಟ್ಟಿದ್ದು?" ಎಂದರಂತೆ. ವೆಂಕಟಲಕ್ಷ್ಮಿ ಮೂಲೆಯ ಸ್ಟೂಲಿನ ಕಡೆ ಕೈ ತೋರಿಸಿದರು. ಪಿಳ್ಳಮ್ಮ ಅಲ್ಲಿ ಕೂತು, ಬಸ್ಸಿನ ಆಯಾಸಕ್ಕೆ ತೂಕಡಿಸುತ್ತಿದ್ದರು.

ಏಳು ವರ್ಷಕ್ಕೆ ಅಮ್ಮಣ್ಣಿ ಒಂದನೆಯ ತರಗತಿಗೆ ಸೇರಿದಳು. ಶಾಲೆ ತೆರೆಯುವ ಹಿಂದಿನ ದಿನ ಪಿಳ್ಳಮ್ಮನೂ ನಾನೂ ಅಲ್ಲಿನ ಮೇಷ್ಟ್ರು ನಲ್ಲಪ್ಪನವರನ್ನು ಕಂಡೆವು. ಯಾವ ಸದ್ದು ಆಗದು, ಬೆಂಚು ಎಲ್ಲಿರಬೇಕು, ಯಾವ ಮಾತಿಗೆ ಏನು ಅರ್ಥ ಎಂದು ನಾನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ನಲ್ಲಪ್ಪ ಓದಿ ಗಾಬರಿಯಾದರು. "ಇಷ್ಟೆಲ್ಲ ನಂಗೆ ಜ್ಞಾಪಕ ಇರುತ್ತೇನ್ರೀ?" ಪಿಳ್ಳಮ್ಮ, "ಎಲ್ಲಾ ಮರೀರಿ ಮೇಷ್ಟ್ರೇ, ಒಂದ್ ಮಾತ್ರ ಇಟ್ಕಳಿ. ಅವ್ಳು ಏನಾರ ಅಂದ್ರೆ ಸುಮ್ಕೆ ಅನ್ನಲ್ಲ" ಎಂದರು. ಅವರು ಅದೊಂದನ್ನು ಇಟ್ಟುಕೊಂಡರು, ಉಳಿದದ್ದು ತಾನಾಗಿ ಬಂತು.

ಅಮ್ಮಣ್ಣಿ ಏಳನೆಯ ತರಗತಿಯವರೆಗೆ ಓದಿದಳು. ಲೆಕ್ಕ ಹತ್ತಲಿಲ್ಲ, ಕನ್ನಡ ಬಹಳ ಚೆನ್ನಾಗಿ ಬಂತು. ಒಂಬತ್ತು ವರ್ಷದ ಹೊತ್ತಿಗೆ ತನ್ನದೇ ವಾಕ್ಯ ಕಟ್ಟತೊಡಗಿದಳು. ಮೊದಲು "ಅಮ್ಮ, ಸ್ನಾನ ಬೇಡ" ಎಂದಾಗ ವೆಂಕಟಲಕ್ಷ್ಮಿ ಕಾಲೋನಿಗೆಲ್ಲ ಸಕ್ಕರೆ ಹಂಚಿದರು. ಈಗ ಅವಳು ಮಹಿಳಾ ಸಮಾಜದ ಹಪ್ಪಳದ ಘಟಕದಲ್ಲಿ ಕೆಲಸ ಮಾಡುತ್ತಾಳೆ. ಗಲಿಬಿಲಿಯಾದರೆ ಇವತ್ತಿಗೂ ರೇಡಿಯೊ ಮಾತೇ ಬರುತ್ತದೆ. ಜೊತೆಯ ಹೆಂಗಸರಿಗೆ ಆ ಭಾಷೆ ಗೊತ್ತು.

ಅಮ್ಮಣ್ಣಿಯ ಸುದ್ದಿ ಹರಡಿ, ಚಿಕ್ಕಬಾಣಾವರದಿಂದ, ಇನ್ನೂ ಆಚೆಯ ಹಳ್ಳಿಗಳಿಂದ ತಾಯಂದಿರು ಇಂಥ ಮಕ್ಕಳನ್ನು ಕರೆತರತೊಡಗಿದರು. ಮಧ್ಯಾಹ್ನದ ಹೊತ್ತು ಅವರಿಗಾಗಿ ಬೇರೆ ಒಂದು ಗುಂಪು ಶುರುವಾಯಿತು. 1985ರಲ್ಲಿ ನಾಗಲಕ್ಷ್ಮಮ್ಮ ಪಿಳ್ಳಮ್ಮನವರನ್ನು 'ಆಯಾ' ಎಂದು ಬರೆಯುವುದು ಬೇಡ, ಹಾಜರಿ ಪುಸ್ತಕದಲ್ಲಿ 'ಟೀಚರ್' ಎಂದೇ ಬರೆಯೋಣ ಎಂದು ಸಭೆಯಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಳ್ಳಮ್ಮ ಎದ್ದು ನಿಂತು, "ಅಮ್ಮಾರೆ, ಟೀಚರಾದ್ರೆ ಎಲೆಯಡ್ಕೆ ಆಕಂಗಿಲ್ಲ ಅಲ್ವಾ? ಆಯಾ ಅಂತ್ಲೇ ಬರ್ಕಳಿ" ಎಂದು ಕೂತುಬಿಟ್ಟರು. ಎಲೆಯಡಿಕೆ ಹಾಕಬಹುದು ಎಂದು ಸಭೆ ಒಮ್ಮತದಿಂದ ತೀರ್ಮಾನ ಮಾಡಿದ ಮೇಲೆಯೇ ಅವರು ಒಪ್ಪಿದ್ದು.

ಮೊನ್ನೆ ಸೋಮವಾರ ಐದು ವರ್ಷದ ಒಬ್ಬ ಹುಡುಗ ಬಂದ. ಬಂದವನೇ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಕಾಂಪೌಂಡಿನ ಆಚೆಗೆ ಎಸೆಯತೊಡಗಿದ. ಅವನ ತಾಯಿ ನಾಚಿಕೆಯಿಂದ ಕುಗ್ಗಿಹೋಗಿ ಕೈ ಎತ್ತಿದರು. ನಾನು ತಡೆದೆ. ಅರವತ್ತೈದು ದಾಟಿದ ಪಿಳ್ಳಮ್ಮ ಮಂಡಿ ಹಿಡಿದುಕೊಂಡು ಎದ್ದು, ಗೋಡೆಯ ಆಚೆ ಹೋಗಿ, ಮಡಿಲ ತುಂಬ ಚಪ್ಪಲಿ ಆರಿಸಿಕೊಂಡು ಬಂದರು. ನನ್ನ ಮುಂದೆ ಅವನ್ನು ಸುರಿದು, ಹೊಸ ಸೀರೆ ತಂದವರಂತೆ ಮುಖ ಅರಳಿಸಿ ಹೇಳಿದರು:

"ನೋಡಿದ್ರಾ ಟೀಚರಮ್ಮ? ಎಲ್ಲಾ ಎಡಗಾಲಿಂದೇ. ಬಲಗಾಲಿಂದು ಒಂದೂ ಎಸೆದಿಲ್ಲ. ಯಾಕೋ ನೋಡ್ಬೇಕು."